ಇಂದಿನ ಧಮ್ಮ ಚಿಂತನೆ: ಎರಡು ಮ್ಯಾಪ್‌ಗಳ ನಡುವಿನ ಬಿಡುವು





ಕಳೆದ ಭಾನುವಾರ ಪಂಚಶೀಲದ ಪಾಠ ಮುಗಿದ ಮೇಲೆ ಯುವಕರೊಬ್ಬರು ಒಂದು ಪ್ರಶ್ನೆ ಕೇಳಿದರು. ಪಂಚಶೀಲದಲ್ಲಿ ಜೂಜಿನ ಹೆಸರಿಲ್ಲ, ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲೂ ಇಲ್ಲ, ಹಾಗಾದರೆ ಬೆಟ್ ಕಟ್ಟುವುದರಿಂದ ಶೀಲಭಂಗ ಆಗುತ್ತದೆಯೇ ಎಂದು. ಕೆಲವರು ನಕ್ಕರು. ನಗುವ ಪ್ರಶ್ನೆಯಲ್ಲ ಅದು. ಅವತ್ತು ಹೊತ್ತಾಗಿತ್ತು, ಉತ್ತರ ಇವತ್ತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಬಿಡುವು ಮಾಡಿಕೊಂಡು ಓದಿ.

ಹೆಸರಿಲ್ಲ ಎನ್ನುವುದು ನಿಜ. ಆದರೆ ಗೃಹಸ್ಥರಿಗೆಂದೇ ಬುದ್ಧರು ಹೇಳಿದ ಸಿಗಾಲೋವಾದ ಸುತ್ತದಲ್ಲಿ ಜೂಜಿನ ಹೆಸರಿದೆ. ದೀಘನಿಕಾಯದ 31ನೆಯ ಸುತ್ತ ಅದು. ರಾಜಗೃಹದ ಸಿಗಾಲನೆಂಬ ತರುಣ, ಸಾಯುವಾಗ ಅಪ್ಪ ಹೇಳಿದ್ದರೆಂದು ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲೇ ನಿಂತು ಆರು ದಿಕ್ಕಿಗೂ ಕೈಮುಗಿಯುತ್ತಿದ್ದ. ಬುದ್ಧರು ಅವನನ್ನು ಗೇಲಿ ಮಾಡಲಿಲ್ಲ. ತಂದೆತಾಯಿ, ಗುರುಗಳು, ಹೆಂಡತಿ ಮಕ್ಕಳು, ಸ್ನೇಹಿತರು, ಕೆಲಸದವರು, ಶ್ರಮಣರು, ಇವರೇ ನಿನ್ನ ಆರು ದಿಕ್ಕು ಎಂದು ತಿಳಿಹೇಳಿದರು. ಅದಕ್ಕೂ ಮೊದಲು, ಮನೆಯ ಸಂಪತ್ತು ಸೋರಿಹೋಗುವ ಆರು ದಾರಿಗಳನ್ನು ಎಣಿಸಿದರು. ಜೂಜು ಅದರಲ್ಲೊಂದು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಗೃಹಸ್ಥರ ವಿನಯವನ್ನು ಹೇಳುವಾಗ ಈ ಸಿಗಾಲನ ಪ್ರಸಂಗವನ್ನೇ ತೆಗೆದುಕೊಂಡಿದ್ದಾರೆ.

ಆ ಯುವಕರು ಕೇಳಿದ್ದು ಇಸ್ಪೀಟಿನ ಬಗ್ಗೆ ಅಲ್ಲ, ಕ್ರಿಕೆಟ್ ಬಗ್ಗೆಯೂ ಅಲ್ಲ. ಇ-ಸ್ಪೋರ್ಟ್ಸ್ ಪಂದ್ಯಗಳಲ್ಲಿ ಒಂದೊಂದು ಮ್ಯಾಪ್ ಮೇಲೆ ಕಟ್ಟುವ ಬಾಜಿಯ ಬಗ್ಗೆ. ಇದು ಏನೆಂದು ನಮ್ಮ ಹಿರಿಯರಿಗಾಗಿ ಬಿಡಿಸಿ ಹೇಳುತ್ತೇನೆ. ಗೊತ್ತಿರುವ ಹುಡುಗರು ಮುಂದಿನ ಎರಡು ಪ್ಯಾರಾ ಹಾರಿಸಬಹುದು.

ಕೌಂಟರ್ ಸ್ಟ್ರೈಕ್, ವ್ಯಾಲೊರಂಟ್ ಮುಂತಾದ ಕಂಪ್ಯೂಟರ್ ಆಟಗಳನ್ನು ತಂಡಕ್ಕೆ ಐದು ಜನರಂತೆ ವೃತ್ತಿಯಾಗಿಯೇ ಆಡುವವರಿದ್ದಾರೆ. ಸಂಬಳವಿದೆ, ತರಬೇತುದಾರರಿದ್ದಾರೆ, ಕ್ರೀಡಾಂಗಣ ತುಂಬಿಸುವ ಜನರಿದ್ದಾರೆ. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್‌ಗೆ ಪದಕಗಳನ್ನೂ ಕೊಟ್ಟರು. ಆಟದ ಮೇಲೆ ನನ್ನ ತಕರಾರಿಲ್ಲ. ನಮ್ಮ ಮಕ್ಕಳಲ್ಲಿ ಯಾರಾದರೂ ಆ ಮಟ್ಟಕ್ಕೆ ಆಡಿದರೆ ನಾನೇ ಹಾರ ಹಾಕುತ್ತೇನೆ. ಮ್ಯಾಪ್ ಎಂದರೆ ಆಟ ನಡೆಯುವ ಅಂಕಣ. ಕಬಡ್ಡಿಯಲ್ಲಿ ಅಂಕಣ ಎಲ್ಲ ಕಡೆ ಒಂದೇ. ಇಲ್ಲಿ ಅಂಕಣವೇ ಬದಲಾಗುತ್ತದೆ: ಮಿರಾಜ್, ಇನ್ಫರ್ನೋ, ನ್ಯೂಕ್ ಎಂದು ಹೆಸರುಗಳು. ಒಂದರಲ್ಲಿ ಇಕ್ಕಟ್ಟಾದ ಗಲ್ಲಿಗಳು, ಇನ್ನೊಂದರಲ್ಲಿ ಅಣುಸ್ಥಾವರ. ಪಂದ್ಯಕ್ಕೆ ಮುಂಚೆ ಎರಡೂ ತಂಡಗಳು ಸರದಿಯಂತೆ ತಮಗೆ ಬೇಡದ ಮ್ಯಾಪ್ ತೆಗೆದುಹಾಕಿ, ಬೇಕಾದದ್ದನ್ನು ಆರಿಸಿಕೊಳ್ಳುತ್ತವೆ. ಸಾಮಾನ್ಯವಾಗಿ ಮೂರು ಮ್ಯಾಪ್‌ಗಳ ಪಂದ್ಯ, ಎರಡು ಗೆದ್ದವರಿಗೆ ಜಯ. ಒಂದು ಮ್ಯಾಪ್‌ನಲ್ಲಿ ಮೊದಲು 13 ರೌಂಡ್ ಗೆದ್ದವರಿಗೆ ಆ ಮ್ಯಾಪ್.

ಬಾಜಿಯವರು ಮಾಡಿದ್ದು ಏನೆಂದರೆ, ಈ ಒಂದು ಪಂದ್ಯವನ್ನು ಕೊತ್ತಂಬರಿ ಹೆಚ್ಚಿದ ಹಾಗೆ ಹೆಚ್ಚಿದ್ದಾರೆ. ಪಂದ್ಯ ಯಾರು ಗೆಲ್ಲುತ್ತಾರೆ ಎನ್ನುವುದಕ್ಕೆ ಒಂದು ದರ. ಮೊದಲ ಮ್ಯಾಪ್ ಯಾರಿಗೆ ಎನ್ನುವುದಕ್ಕೆ ಬೇರೆ ದರ, ಎರಡನೆಯದಕ್ಕೆ ಬೇರೆ. ಎಷ್ಟು ರೌಂಡ್‌ಗಳ ಅಂತರ, ಒಟ್ಟು ಎಷ್ಟು ರೌಂಡ್ ನಡೆಯುತ್ತದೆ, ಬರೀ ಪಿಸ್ತೂಲು ಹಿಡಿದು ಆಡುವ ಮೊದಲ ರೌಂಡ್ ಯಾರದು, ಎಲ್ಲದಕ್ಕೂ ದರ. ಆಟ ನಡೆಯುತ್ತಿರುವಾಗಲೂ ದರ ಏರುತ್ತದೆ, ಇಳಿಯುತ್ತದೆ.

ನನಗೆ ಇಷ್ಟೆಲ್ಲ ಕಲಿಸಿದವನು ನನ್ನ ಹಳೆಯ ವಿದ್ಯಾರ್ಥಿ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು ಬೇಡ. ದಯವಿಟ್ಟು ಗುಂಪಿನಲ್ಲಿ ಊಹೆ ಮಾಡಬೇಡಿ. ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ನೂರಕ್ಕೆ ತೊಂಬತ್ತೆರಡು ತೆಗೆದವನು. ಈಗ ಮೈಸೂರಿನಲ್ಲಿ ಡಿಗ್ರಿ ಓದುತ್ತಿದ್ದಾನೆ. ನನ್ನ ಎದುರು ಕೂತು ಲ್ಯಾಪ್‌ಟಾಪ್ ತೆರೆದು ತೋರಿಸಿದ. ಯಾವ ತಂಡ ಯಾವ ಮ್ಯಾಪ್‌ನಲ್ಲಿ ಕಳೆದ ಆರು ತಿಂಗಳಲ್ಲಿ ಎಷ್ಟು ಗೆದ್ದಿದೆ, ಯಾವ ಆಟಗಾರ ತಂಡ ಬಿಟ್ಟ, ಯಾರು ಬಂದ, ಎಲ್ಲಾ ಪಟ್ಟಿ ಮಾಡಿದ್ದ. ಅಷ್ಟು ಅಚ್ಚುಕಟ್ಟಾದ ಪಟ್ಟಿಯನ್ನು ಅವನು ನನಗೆ ಹೋಂವರ್ಕಿನಲ್ಲಿ ಯಾವತ್ತೂ ಬರೆದು ಕೊಟ್ಟಿರಲಿಲ್ಲ.

"ಸಾರ್, ಇದು ಓಸಿ ಅಲ್ಲ, ಮಟ್ಕಾ ಅಲ್ಲ. ಇದಕ್ಕೆ ಸ್ಟಡಿ ಮಾಡ್ಬೇಕು. ಇಡೀ ಪಂದ್ಯ ಯಾರು ಗೆಲ್ತಾರೆ ಅಂತ ಹೇಳೋದು ಕಷ್ಟ. ಮ್ಯಾಪ್ ಆದ್ರೆ ಹೇಳ್ಬಹುದು" ಎಂದ.

ಇದನ್ನು ತಳ್ಳಿಹಾಕಬೇಡಿ. ಅವನ ಮಾತಿನಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಅದು ಅಪಾಯ. ತಂಡಗಳಿಗೆ ಇಷ್ಟದ ಮ್ಯಾಪ್ ಇರುತ್ತದೆ, ಅಂಕಿಅಂಶವೂ ಸಿಗುತ್ತದೆ. ಆದರೆ ಅದೇ ಅಂಕಿಅಂಶ ದರ ಹಾಕುವವನ ಹತ್ತಿರವೂ ಇದೆಯಲ್ಲ? ಇವನು ಒಬ್ಬ, ಅವರು ಅದನ್ನೇ ಕಸುಬು ಮಾಡಿಕೊಂಡವರು. ನಾನು ಕನ್ನಡ ಮೇಷ್ಟ್ರು, ಗಣಿತದವನಲ್ಲ. ಆದರೂ ಅವನು ತೋರಿಸಿದ ಪಂದ್ಯವನ್ನೇ ಹಿಡಿದು ಇಬ್ಬರೂ ಲೆಕ್ಕ ಮಾಡಿದೆವು. ಸಮಬಲದ ತಂಡಗಳು. ಮೊದಲ ಮ್ಯಾಪ್‌ಗೆ ಎರಡೂ ಕಡೆ ದರ 1.85. ಅಂದರೆ 100 ರೂಪಾಯಿ ಕಟ್ಟಿ ಗೆದ್ದರೆ ಕೈಗೆ 185 ಬರುತ್ತದೆ. ಎರಡೂ ಕಡೆ ನೂರು ನೂರು ಕಟ್ಟಿದರೆ ಹಾಕಿದ್ದು 200, ಬರುವುದು 185. ಆ 15 ರೂಪಾಯಿ ಯಾರು ಗೆದ್ದರೂ ಅಂಗಡಿಯವನದು. ಈಗ ನೂರು ಬಾರಿ ನೂರು ರೂಪಾಯಿ ಕಟ್ಟಿದ ಎನ್ನಿ. ಹಾಕಿದ್ದು 10,000. ಐವತ್ತು ಸರಿಯಾದರೆ ಬರುವುದು 9,250. ಸರಿ, ಅವನು ಓದಿಕೊಂಡವನು, 54 ಬಾರಿ ಸರಿಯಾಗಿ ಹೇಳಿದ. ಆಗ ಬರುವುದು 9,990. ನೂರರಲ್ಲಿ 54 ಸಲ ಗೆದ್ದವನು ಹತ್ತು ರೂಪಾಯಿ ಸೋತಿದ್ದಾನೆ!

ಹುಡುಗ ಸುಮ್ಮನೆ ನೋಡುತ್ತಾ ಕೂತ. ತೊಂಬತ್ತೆರಡು ಅಂಕ ತೆಗೆದವನಿಗೆ ಈ ಗುಣಾಕಾರ ಗೊತ್ತಿರಲಿಲ್ಲವೆಂದಲ್ಲ. ಮಾಡಿ ನೋಡಿರಲಿಲ್ಲ, ಅಷ್ಟೆ.

ದರ ಕೊಯ್ಯುವ ಈ ಪಾಲು ಇಡೀ ಪಂದ್ಯಕ್ಕೆ ಒಂದೇ ಬಾಜಿ ಕಟ್ಟಿದವನಿಗೆ ಒಂದು ಸಲ ಬೀಳುತ್ತದೆ. ಮ್ಯಾಪ್ ಮ್ಯಾಪಿಗೆ ಕಟ್ಟುವವನಿಗೆ ಒಂದೇ ಸಂಜೆಯಲ್ಲಿ ನಾಲ್ಕೈದು ಸಲ. ಬುದ್ಧರು ಕೋಲಿಯರ ದೀಘಜಾಣುವಿಗೆ ಹೇಳುವಾಗ ಸಂಪತ್ತನ್ನು ಕೆರೆಗೆ ಹೋಲಿಸಿದರು. ನೀರು ಬರುವ ದಾರಿ ನಾಲ್ಕು, ಹೋಗುವ ತೂಬು ನಾಲ್ಕು, ತೂಬುಗಳಲ್ಲೊಂದು ಜೂಜು. ಕೆರೆಯ ಕೆಳಗೆ ಗದ್ದೆ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ತೂಬನ್ನು ಐದು ಮಾಡಿದರೆ ಏನಾಗುತ್ತದೆ?

ಈಗ ಸಿಗಾಲನಿಗೆ ಹೇಳಿದ ಮಾತಿಗೆ ಬರೋಣ. ಜೂಜಿನಿಂದ ಆರು ಕೇಡು ಎಂದು ಬುದ್ಧರು ಎಣಿಸುತ್ತಾರೆ. ಗೆದ್ದರೆ ವೈರಿಗಳು ಹುಟ್ಟುತ್ತಾರೆ, ಸೋತರೆ ಹೋದ ಹಣಕ್ಕಾಗಿ ಕೊರಗು, ಕಣ್ಣೆದುರೇ ಆಸ್ತಿ ಕರಗುತ್ತದೆ, ಸಭೆಯಲ್ಲಿ ಮಾತಿಗೆ ಬೆಲೆ ಇರುವುದಿಲ್ಲ, ಗೆಳೆಯರು ತಾತ್ಸಾರ ಮಾಡುತ್ತಾರೆ, ಹೆಣ್ಣು ಕೊಡುವವರು ಹಿಂದೆಗೆಯುತ್ತಾರೆ. ಇಷ್ಟರಲ್ಲಿ ಹಣಕ್ಕೆ ನೇರವಾಗಿ ಸೇರಿದ್ದು ಎರಡೇ. ಉಳಿದ ನಾಲ್ಕೂ ಮನುಷ್ಯರ ನಡುವಿನದು. ಪಾಪ ಬರುತ್ತದೆ, ನರಕಕ್ಕೆ ಹೋಗುತ್ತೀಯ ಎಂದು ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ ನೋಡಿ. ನಮ್ಮನ್ನು ಹೆದರಿಸುವ ಮಾತಲ್ಲ ಅದು, ನೋಡಿ ಹೇಳಿದ ಮಾತು.

ನಾಲ್ಕನೆಯದರ ಮುಂದೆ ನಾನು ನಿಲ್ಲುತ್ತೇನೆ. ಸಭೆಯಲ್ಲಿ ಮಾತಿಗೆ ಬೆಲೆ ಇರುವುದಿಲ್ಲ. ನಮ್ಮ ಅಜ್ಜ ಮುತ್ತಜ್ಜಂದಿರ ಮಾತಿಗೆ ಊರ ಸಭೆಯಲ್ಲಿ ಬೆಲೆ ಇರಲಿಲ್ಲ. ಕಟ್ಟೆಯ ಕೆಳಗೆ ನಿಂತು, ಕೇಳಿದಾಗ ಮಾತ್ರ ಹೇಳಬೇಕಿತ್ತು. ಆ ಮಾತಿಗೆ ಬೆಲೆ ತಂದುಕೊಡಲು ಬಾಬಾಸಾಹೇಬರು ಇಡೀ ಆಯುಷ್ಯ ಸವೆಸಿದರು. ಬೇರೆಯವರು ಕಸಿದುಕೊಂಡಿದ್ದನ್ನು ಹೋರಾಡಿ ವಾಪಸ್ ತರಬಹುದು. ನಾವೇ ಕೈಯಾರೆ ಕಳೆದುಕೊಂಡರೆ ಯಾರ ಮೇಲೆ ಹೋರಾಡುವುದು?

ಆ ಹುಡುಗನ ಮನೆಯಲ್ಲಿ ಬೆಲೆ ಕಳೆದುಕೊಂಡಿದ್ದು ಅವನ ಮಾತೂ ಅಲ್ಲ, ಅವನ ಅವ್ವನದು. ಆಯಮ್ಮ ಮಹಿಳಾ ಸಂಘದಲ್ಲಿ ನಲವತ್ತು ಸಾವಿರ ಸಾಲ ತೆಗೆದಿದ್ದರು, ಮಗನ ಕೊನೆಯ ವರ್ಷದ ಫೀಸು, ರೂಮಿನ ಬಾಡಿಗೆ ಎಂದು. ಮಗನ ಖಾತೆಗೆ ಹಾಕಿದರು. ಮೂರು ವಾರದಲ್ಲಿ ಅದು ಮುಗಿಯಿತು. ಒಂದೇ ಬಾರಿಗೆ ಅಲ್ಲ. ಐನೂರು, ಎಂಟುನೂರು, ಸಾವಿರದ ಇನ್ನೂರು, ಹೀಗೆ. ಪಾಸ್‌ಬುಕ್ ನಾನು ನೋಡಿದೆ. ಸಂಘದಲ್ಲಿ ಹದಿನಾಲ್ಕು ಹೆಂಗಸರು, ಒಬ್ಬರು ಕಂತು ಕಟ್ಟದಿದ್ದರೆ ಉಳಿದವರು ಹಾಕಿ ಕಟ್ಟಬೇಕು. ಮೊದಲ ತಿಂಗಳು ಹಾಕಿದರು. ಎರಡನೆಯ ತಿಂಗಳು ಆಯಮ್ಮ "ಮಗನಿಗೆ ಹುಷಾರಿಲ್ಲ" ಎಂದು ಸುಳ್ಳು ಹೇಳಿದರು. ಮೂರನೆಯ ತಿಂಗಳಿಂದ ಸಭೆಗೇ ಹೋಗಲಿಲ್ಲ. ಹತ್ತು ವರ್ಷ ಆ ಸಂಘದ ಲೆಕ್ಕದ ಪುಸ್ತಕ ಹಿಡಿದಿದ್ದವರು ಅವರು.

ಕಳೆದ ವಾರದ ಪ್ರಶ್ನೆಗೆ ಉತ್ತರ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಬಾಜಿ ತಾನೇ ಯಾವ ಶೀಲವನ್ನೂ ಮುರಿಯದೆ ಇರಬಹುದು. ಆದರೆ ಫೀಸಿಗೆಂದು ಕೊಟ್ಟ ಹಣ ಬಾಜಿಗೆ ಕೊಟ್ಟದ್ದಲ್ಲ, ಅಲ್ಲಿಗೆ ಎರಡನೆಯ ಶೀಲ ಹೋಯಿತು. "ಫೀಸು ಕಟ್ಟಿದೆ ಕಣವ್ವ" ಎಂದಾಗ ನಾಲ್ಕನೆಯದು ಹೋಯಿತು. ಬಾಜಿ ಕಟ್ಟದ ಅವ್ವನ ನಾಲ್ಕನೆಯ ಶೀಲವೂ ಹೋಯಿತು.

ಇಷ್ಟು ಜಾಣ ಹುಡುಗ ಯಾಕೆ ನಿಲ್ಲಿಸಲಿಲ್ಲ? ನಾನು ಕೇಳಿದೆ. ಅವನು ಕೊಟ್ಟ ಉತ್ತರ ಧಮ್ಮದ ಪುಸ್ತಕಗಳಲ್ಲಿ ನಾನು ಓದಿದ್ದನ್ನು ಇನ್ನಷ್ಟು ಸ್ಪಷ್ಟ ಮಾಡಿತು. "ಸಾರ್, ಮೊದಲ್ನೇ ಮ್ಯಾಪ್ 13–11ರಲ್ಲಿ ಹೋಯ್ತು ಅನ್ಕೊಳ್ಳಿ. ಎರಡೇ ರೌಂಡು. ಎದೆ ಉರೀತಾ ಇರುತ್ತೆ. ಆಗ ಒಂದು ಹತ್ತು ನಿಮಿಷ ಬ್ರೇಕು. ಅಷ್ಟರಲ್ಲಿ ಎರಡನೇ ಮ್ಯಾಪಿನ ರೇಟು ಸ್ಕ್ರೀನಲ್ಲಿ ಕಾಣಿಸ್ತಾ ಇರುತ್ತೆ."

ಪ್ರತೀತ್ಯ ಸಮುತ್ಪಾದದಲ್ಲಿ ನಾವು ಓದಿದ್ದು ನೆನಪು ಮಾಡಿಕೊಳ್ಳಿ. ಸ್ಪರ್ಶದಿಂದ ವೇದನೆ, ವೇದನೆಯಿಂದ ತಣ್ಹಾ, ತಣ್ಹಾದಿಂದ ಉಪಾದಾನ. ಸೋತಾಗ ಎದೆ ಉರಿಯುವುದು ವೇದನೆ. ಅದನ್ನು ತಡೆಯಲಾಗದು, ಅರಹಂತರಿಗೂ ಕಾಲಿಗೆ ಮುಳ್ಳು ಚುಚ್ಚಿದರೆ ನೋಯುತ್ತದೆ. ಸೋತದ್ದು ಈಗಲೇ ವಾಪಸ್ ಬೇಕು ಎನ್ನುವುದು ತಣ್ಹಾ. ಎರಡರ ನಡುವೆ ಒಂದು ಸಣ್ಣ ಸಂದು ಇದೆ. ಅಲ್ಲಿ ಸ್ಮೃತಿ ನಿಂತರೆ ಸರಪಳಿ ತುಂಡಾಗುತ್ತದೆ. ನಾವು ಆನಾಪಾನ ಮಾಡುವುದು, ಬೆನ್ನು ನೋಯಿಸಿಕೊಂಡು ಕೂರುವುದು, ಆ ಸಂದಿನಲ್ಲಿ ಒಂದು ಉಸಿರಿನಷ್ಟು ನಿಲ್ಲಲು ಕಲಿಯಲಿಕ್ಕೆ. ಹಳೆಯ ಕಾಲದ ಬಾಜಿಯಲ್ಲಿ ಪಂದ್ಯ ಮುಗಿಯುತ್ತಿತ್ತು. ಸೋತವನು ಮನೆಗೆ ನಡೆದು ಬರುತ್ತಿದ್ದ, ದಾರಿಯಲ್ಲಿ ಗಾಳಿ ಬೀಸುತ್ತಿತ್ತು, ಹೆಂಡತಿಯ ಮುಖ ನೆನಪಾಗುತ್ತಿತ್ತು. ಮ್ಯಾಪ್ ಬಾಜಿ ಆ ನಡಿಗೆಯನ್ನೇ ಇಲ್ಲದಂತೆ ಮಾಡಿದೆ. ಬಿಡುವಿದೆ, ಆದರೆ ಆ ಬಿಡುವಿನಲ್ಲಿ ಅಂಗಡಿಯವನು ಮೊದಲೇ ಬಂದು ಕೂತಿದ್ದಾನೆ. ಸೋಲು ಸೋಲು ಎಂದು ಅನ್ನಿಸುವುದೇ ಇಲ್ಲ, ಮೂರರಲ್ಲಿ ಒಂದು ಎಂದು ಅನ್ನಿಸುತ್ತದೆ.

ಪಂಪನನ್ನೂ ಕುಮಾರವ್ಯಾಸನನ್ನೂ ಓದಿಕೊಂಡವನಾದ್ದರಿಂದ ಒಂದು ಮಾತು. ಧರ್ಮರಾಯ ಎಲ್ಲವನ್ನೂ ಒಂದೇ ಪಣಕ್ಕೆ ಇಡಲಿಲ್ಲ. ಐಶ್ವರ್ಯ ಒಂದು ಸಲ, ತಮ್ಮಂದಿರು ಒಬ್ಬೊಬ್ಬರಾಗಿ, ಆಮೇಲೆ ತಾನು, ಆಮೇಲೆ ಹೆಂಡತಿ. ಪ್ರತಿ ಪಣವೂ ಹಿಂದಿನದನ್ನು ಗೆದ್ದು ತರಲಿಕ್ಕೆ. ಎಲ್ಲ ವಾಪಸ್ ಸಿಕ್ಕ ಮೇಲೂ ಮತ್ತೆ ಕರೆದರೆಂದು ಮತ್ತೆ ಹೋದ! ಕರೆದಾಗ ಒಲ್ಲೆ ಎನ್ನುವುದು ಕ್ಷತ್ರಿಯನಿಗೆ ಧರ್ಮವಲ್ಲವಂತೆ. ನಮ್ಮ ಧಮ್ಮದಲ್ಲಿ ಒಲ್ಲೆ ಎನ್ನಬಹುದು, ಅದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಇನ್ನು ಅಂಕಿಅಂಶ ನಂಬುವವರಿಗೆ ಒಂದು ಜಾತಕ ಕಥೆ. ಲಿತ್ತ ಜಾತಕ. ಒಬ್ಬ ಮೋಸಗಾರ ಗೆಲ್ಲುತ್ತಿರುವಷ್ಟು ಹೊತ್ತು ನೆಟ್ಟಗೆ ಆಡುತ್ತಾನೆ. ಸೋಲುವ ಸೂಚನೆ ಕಂಡರೆ ಒಂದು ದಾಳವನ್ನು ಬಾಯಿಗೆ ಹಾಕಿಕೊಂಡು, ದಾಳ ಕಳೆದುಹೋಯಿತು ಎಂದು ಆಟ ನಿಲ್ಲಿಸುತ್ತಾನೆ. ಬೋಧಿಸತ್ವ ಇದನ್ನು ಗಮನಿಸಿ ದಾಳಗಳಿಗೆ ವಿಷ ಸವರಿ ತರುತ್ತಾನೆ. ಮೋಸಗಾರ ನುಂಗಿ ಒದ್ದಾಡುವಾಗ ವಾಂತಿಯ ಔಷಧಿ ಕೊಟ್ಟು ಬದುಕಿಸಿ ಬುದ್ಧಿ ಹೇಳುತ್ತಾನೆ. ಎದುರಿನವನ ಬಾಯಲ್ಲಿ ದಾಳ ಇದ್ದಾಗ ನಿಮ್ಮ ಲೆಕ್ಕಾಚಾರ ಯಾವ ಕೆಲಸಕ್ಕೆ ಬರುತ್ತದೆ?

ಇ-ಸ್ಪೋರ್ಟ್ಸ್‌ನಲ್ಲಿ ಇದು ಬರೀ ಕಥೆಯಲ್ಲ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಐಬೈಪವರ್ ಎಂಬ ಬಲವಾದ ಕೌಂಟರ್ ಸ್ಟ್ರೈಕ್ ತಂಡ, ತನಗಿಂತ ದುರ್ಬಲ ತಂಡದ ಎದುರು ಒಂದು ಮ್ಯಾಪನ್ನು 16–4ರಿಂದ ಸೋತಿತು. ಆಗ ಮ್ಯಾಪ್ ಗೆಲ್ಲಲು 16 ರೌಂಡ್ ಬೇಕಿತ್ತು. ಬೇಕೆಂದೇ ಸೋತದ್ದು ಎಂದು ಆಮೇಲೆ ಬಯಲಾಗಿ, 2015ರ ಜನವರಿಯಲ್ಲಿ ಆಟದ ಮಾಲೀಕ ಕಂಪನಿ ವಾಲ್ವ್ ಅದರಲ್ಲಿ ಪಾಲುಗೊಂಡವರನ್ನು ತನ್ನ ಪಂದ್ಯಾವಳಿಗಳಿಂದ ನಿಷೇಧಿಸಿತು. ದಕ್ಷಿಣ ಕೊರಿಯಾದಲ್ಲಿ ಸ್ಟಾರ್‌ಕ್ರಾಫ್ಟ್ ಆಟದ 2014ರ ವಿಶ್ವ ಚಾಂಪಿಯನ್, 'ಲೈಫ್' ಎಂದು ಕರೆಯುತ್ತಿದ್ದ ಹುಡುಗ, ಮರುವರ್ಷವೇ 7 ಕೋಟಿ ವೋನ್ ಪಡೆದು ಎರಡು ಪಂದ್ಯ ಸೋತುಕೊಟ್ಟ. 2016ರಲ್ಲಿ ನ್ಯಾಯಾಲಯ 18 ತಿಂಗಳ ಶಿಕ್ಷೆ ವಿಧಿಸಿ ಅಮಾನತಿನಲ್ಲಿಟ್ಟಿತು. ವಿಶ್ವ ಚಾಂಪಿಯನ್ನೇ ಹೀಗೆ! ಮ್ಯಾಪ್ ಬಾಜಿಯಲ್ಲಿ ಈ ಆಸೆ ಇನ್ನೂ ಸುಲಭ. ಪಂದ್ಯ ಸೋಲುವುದೇ ಬೇಡ. ಒಂದು ಮ್ಯಾಪ್ ಬಿಟ್ಟುಕೊಟ್ಟು, ಉಳಿದ ಎರಡು ಗೆದ್ದು, ಕಪ್ಪನ್ನೂ ಎತ್ತಿಕೊಂಡು ಹೋಗಬಹುದು.

ಹಾಗೆ ಸೋತಾಗ ಆ ಹುಡುಗ ಏನು ಹೇಳುತ್ತಿದ್ದ ಗೊತ್ತೇ? "ಲಕ್ ಇರಲಿಲ್ಲ ಸಾರ್." ಗೆದ್ದಾಗ ಸ್ಟಡಿ, ಸೋತಾಗ ಲಕ್. ನನಗೆ ಹಣ ಹೋದದ್ದಕ್ಕಿಂತ ಈ ಮಾತು ಹೆಚ್ಚು ನೋವು ಕೊಟ್ಟಿತು. ಹಣೆಬರಹ, ಪೂರ್ವಜನ್ಮದ ಕರ್ಮ ಎಂದು ಸಾವಿರಾರು ವರ್ಷ ನಮ್ಮನ್ನು ಕೂರಿಸಿದ್ದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಆ ಮಾತನ್ನು ಅಲ್ಲೇ ಬಿಟ್ಟು ಎದ್ದು ಬರಲು ದಾರಿ ತೋರಿಸಿದರು. ಕಾರಣವಿಲ್ಲದೆ ಕಾರ್ಯವಿಲ್ಲ ಎಂಬುದರ ಮೇಲೆ ನಿಂತ ಧಮ್ಮ ಇದು. ತಾತ ಮಂತ್ರವಾದಿಯ ಮನೆ ಬಾಗಿಲು ಬಿಟ್ಟು ಬಂದ, ಮೊಮ್ಮಗ ಫೋನಿನೊಳಗೆ ಅದೇ ಬಾಗಿಲು ತಟ್ಟುತ್ತಿದ್ದಾನೆ.

ಕಾನೂನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿತು, 22ರಂದು ರಾಷ್ಟ್ರಪತಿಗಳ ಅಂಕಿತವಾಯಿತು. ಅದು ಇ-ಸ್ಪೋರ್ಟ್ಸ್ ಆಡುವುದನ್ನು ಪ್ರೋತ್ಸಾಹಿಸುತ್ತದೆ, ಹಣ ಕಟ್ಟುವ ಆಟಗಳನ್ನು ನಿಷೇಧಿಸುತ್ತದೆ. ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಅದು ಮಾಡುವುದಿಲ್ಲ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡಿ ಕಳೆದುಕೊಂಡವರಿಗೆ ಅದರಲ್ಲಿ ಶಿಕ್ಷೆ ಇಲ್ಲ. ಆದ್ದರಿಂದ ಮಕ್ಕಳು ಪೊಲೀಸ್ ಭಯಕ್ಕೆ ಮುಚ್ಚಿಡುವುದು ಬೇಡ. ಆದರೆ ವಿದೇಶದಿಂದ ನಡೆಯುವ ತಾಣಗಳು ಹೊಸ ಹೊಸ ಹೆಸರಿನಲ್ಲಿ ಬರುತ್ತಲೇ ಇರುತ್ತವೆ. ನಿಮ್ಮ ಬ್ಯಾಂಕ್ ಖಾತೆ ಕೊಡಿ, ತಿಂಗಳಿಗೆ ಇಷ್ಟು ಕೊಡುತ್ತೇವೆ ಎಂದು ಯಾರಾದರೂ ಕೇಳಿದರೆ ಖಂಡಿತ ಕೊಡಬೇಡಿ. ಆ ಹಣ ಓಡಾಡುವುದು ಅಂಥ ಖಾತೆಗಳಲ್ಲೇ. ತನಿಖೆ ಬಂದಾಗ ಸ್ಕಾಲರ್‌ಶಿಪ್ ಬರುವ ಖಾತೆಯೂ ಸೇರಿ ಮುಟ್ಟುಗೋಲಾಗಬಹುದು.

ತಾಯಂದಿರಿಗೆ ಒಂದು ವಿನಂತಿ. ಗೊತ್ತಾದ ದಿನವೇ ಫೋನ್ ಕಿತ್ತು ಒಡೆಯಬೇಡಿ, ಊರಿಗೆಲ್ಲ ಹೇಳಿ ಅವಮಾನ ಮಾಡಬೇಡಿ. ಒಟ್ಟು ಎಷ್ಟು ಸಾಲ ಎಂದು ಒಂದು ಹಾಳೆಯಲ್ಲಿ ಅವರ ಕೈಯಲ್ಲೇ ಬರೆಸಿ. ಸಾಮಾನ್ಯವಾಗಿ ಮೊದಲ ಸಲ ಅರ್ಧ ಮಾತ್ರ ಹೇಳುತ್ತಾರೆ, ಎರಡು ದಿನ ಬಿಟ್ಟು ಮತ್ತೆ ಕೇಳಿ. ಜೀವದ ಮೇಲೆ ಬೇಸರದ ಮಾತು ಬಂದರೆ ತಡ ಮಾಡಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್, ಗೇಮಿಂಗ್ ಚಟಕ್ಕೆಂದೇ ಷಟ್ ಕ್ಲಿನಿಕ್ ಇದೆ. ಹಣದ ವಂಚನೆಯಾಗಿದ್ದರೆ 1930.

ಆ ಹುಡುಗನ ಸುದ್ದಿ ಕೇಳಬಹುದು ನೀವು. ಹೋದ ತಿಂಗಳು ಅವ್ವನ ಜೊತೆ ಸಂಘದ ಸಭೆಗೆ ಅವನೇ ಬಂದ. ನಾನೂ ಹೋಗಿದ್ದೆ, ಹೊರಗೆ ಜಗಲಿಯಲ್ಲಿ ಕೂತಿದ್ದೆ. ಅವನು ಎಲ್ಲಾ ಹೇಳಿದ. ಹೆಂಗಸರು ಬೈಯಲಿಲ್ಲ. ಒಬ್ಬ ಹಿರಿಯಮ್ಮ ಮಾತ್ರ ಕೇಳಿದರು: "ಗೆದ್ದಿದ್ರ ನಮ್ಗ ಹೇಳ್ತಿದ್ಯಾ ಮಗಾ?" ಅವನು ತಲೆ ತಗ್ಗಿಸಿದ. ಈಗ ಸಂಜೆ ಹೊತ್ತು ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ, ತಿಂಗಳಿಗೆ ಎರಡು ಸಾವಿರ ಸಂಘಕ್ಕೆ ಕಟ್ಟುತ್ತಿದ್ದಾನೆ. ಲೆಕ್ಕದ ಪುಸ್ತಕ ಮಾತ್ರ ಇನ್ನೂ ಆ ತಾಯಿಯ ಕೈಗೆ ವಾಪಸ್ ಬಂದಿಲ್ಲ.

ಈ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ವಿಹಾರದಲ್ಲಿ ಸಿಗಾಲೋವಾದ ಸುತ್ತವನ್ನು ಪೂರ್ತಿ ಓದುತ್ತೇವೆ. ಮೊದಲು ಇಪ್ಪತ್ತು ನಿಮಿಷ ಆನಾಪಾನ. ಡಿಗ್ರಿ, ಪಿಯುಸಿ ಓದುತ್ತಿರುವ ಮಕ್ಕಳನ್ನು ಕರೆದುಕೊಂಡು ಬನ್ನಿ. ಪ್ರಶ್ನೆ ಕೇಳುವವರು ಹಿಂದಿನ ಸಾಲಿನಲ್ಲಿ ಕೂರಬೇಡಿ, ಮುಂದೆ ಬನ್ನಿ.

ಭವತು ಸಬ್ಬ ಮಂಗಲಂ.
ಜೈ ಭೀಮ್.